ಅಗುಳಿ ಬಿದ್ದಿದೆಯೆ?

ನಾವು ಚಿಕ್ಕವರಿದ್ದಾಗ ಮನೆಯ ಹೊರಬಾಗಿಲು ಹಾಕುವ ಕೆಲಸ ದೊಡ್ಡಮ್ಮನದು. ರಾತ್ರಿಯ ಊಟ ಮುಗಿದು, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ದೀಪ ಹಿಡಿದು ಹಟ್ಟಿಯ ಕಡೆಗೊಮ್ಮೆ ನೋಡಿಬಂದು, ಅವರು ಬಾಗಿಲು ಮುಚ್ಚಿ ಅಗುಳಿ ಹಾಕುತ್ತಿದ್ದರು. ಅಲ್ಲಿಗೆ ಕೆಲಸ ಮುಗಿಯಬೇಕಷ್ಟೆ? ಮುಗಿಯುತ್ತಿರಲಿಲ್ಲ. ಹಾಕಿದ ಬಾಗಿಲನ್ನು ಮತ್ತೊಮ್ಮೆ ಬಲವಾಗಿ ಎಳೆದು ನೋಡಿದ ಮೇಲೆಯೇ ಅವರು ಚಾಪೆ ಬಿಡಿಸುತ್ತಿದ್ದುದು. ನಮಗೆ ಅದು ನಗೆಯ ವಿಷಯ. ‘ಹಾಕಿದ ಬಾಗಿಲನ್ನು ಎಳೆಯುವುದೇಕೆ?’ ಎಂದು ಒಂದು ದಿನ ಕೇಳಿಯೇ ಬಿಟ್ಟೆವು.

‘ಸದ್ದು ಕೇಳಿದರೆ ಸಾಲದು ಮಗಾ’ ಎಂದರು ದೊಡ್ಡಮ್ಮ. ‘ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಅಗುಳಿ ಗುಳಿಯೊಳಗೆ ಕೂರದೆ ಅಂಚಿನಲ್ಲೇ ನಿಲ್ಲುತ್ತದೆ. ಹಾಕಿದ್ದೇನೆ ಅಂತ ನಾವು ಮಲಗುವುದು, ನಾಯಿ ಬಂದು ಅನ್ನದ ಪಾತ್ರೆ ನೆಕ್ಕಿ ಹೋಗುವುದು.’

ಅವರು ತೀರಿಕೊಂಡು ಬಹಳ ವರ್ಷಗಳಾದುವು. ಆ ಮರದ ಬಾಗಿಲೂ ಈಗಿಲ್ಲ. ಅವರ ಮಾತಿನ ಅರ್ಥ ನಮಗೆ ಪೂರ್ತಿಯಾಗಿ ತಿಳಿದದ್ದು ಯಾವ ಬಾಗಿಲಿನ ಮುಂದೆಯೂ ಅಲ್ಲ. ತರಗತಿಯ ಬಿಳಿ ಗೋಡೆಯ ಮುಂದೆ.

ಹೇಳಹೊರಟ ಸಂಗತಿ ಈ ಶಾಲೆಯದಲ್ಲ. ನಾವು ಹಿಂದೆ ಕೆಲಸ ಮಾಡಿದ ಇನ್ನೊಂದು ಶಾಲೆಯದು. ಅದು ಯಾವ ಶಾಲೆ, ಯಾವ ವರ್ಷ, ಹುಡುಗನೋ ಹುಡುಗಿಯೋ ಎಂಬುದೊಂದನ್ನೂ ಹೇಳಲಾರೆವು. ‘ಆ ಮಗು’ ಎಂದಷ್ಟೇ ಕರೆಯುತ್ತೇವೆ. ಹಾಗೇಕೆಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

2018ರಲ್ಲಿ ನಮ್ಮ ಕೇರಳದ 45,000 ತರಗತಿಗಳಿಗೆ ಲ್ಯಾಪ್‌ಟಾಪನ್ನೂ ಪ್ರೊಜೆಕ್ಟರನ್ನೂ ಒದಗಿಸುವ ಯೋಜನೆ ಆರಂಭವಾಯಿತು. ಸೀಮೆಸುಣ್ಣದ ಧೂಳಿನಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ ಅದೊಂದು ಹೊಸ ಲೋಕ. ನಾವು ಕನ್ನಡವನ್ನೂ ಮಲಯಾಳವನ್ನೂ ಕಲಿತು ಬೆಳೆದವರು. ಎರಡು ಭಾಷೆ ತಿಳಿದವನಿಗೆ ಮೂರನೆಯದೇನು ಮಹಾ ಎಂಬ ಧೈರ್ಯದಿಂದ ಗಣಕಯಂತ್ರದ ಭಾಷೆಯನ್ನೂ ಕಲಿಯತೊಡಗಿದೆವು. ತರಬೇತಿಗೆ ಹೋದೆವು. ಕನ್ನಡ ಟೈಪು ಮಾಡಲು ಕಲಿತೆವು. ಪಾಠದ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿದಾಗ ಮಕ್ಕಳಿಗಿಂತ ಹೆಚ್ಚು ಹಿಗ್ಗಿದವರು ನಾವೇ. ಗುಪ್ತಪದ, ಅಂದರೆ ಪಾಸ್‌ವರ್ಡು ಇಟ್ಟುಕೊಳ್ಳಬೇಕೆಂದರು, ಇಟ್ಟುಕೊಂಡೆವು. ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆ ಹೋಗುತ್ತದೆ, ತೆರೆದಾಗ ಗುಪ್ತಪದ ಕೇಳುತ್ತದೆ, ನಡುವೆ ಯಾರೂ ಒಳಗೆ ಇಣುಕಲಾರರು ಎಂದರು, ನಂಬಿದೆವು.

ಆ ದಿನ ಮಧ್ಯಾಹ್ನ ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಒಂದು ಪತ್ರ ಟೈಪು ಮಾಡುತ್ತಿದ್ದೆವು. ಬಡ ವಿದ್ಯಾರ್ಥಿಗಳಿಗೆ ನೆರವಾಗುವ ಸಂಘವೊಂದಕ್ಕೆ ಬರೆದ ಶಿಫಾರಸು ಪತ್ರವದು. ಅಂಥ ಪತ್ರದಲ್ಲಿ ಸಂಕೋಚಪಟ್ಟರೆ ಕೆಲಸವಾಗುವುದಿಲ್ಲವೆಂದು ಎಲ್ಲವನ್ನೂ ಬಿಡಿಸಿ ಬರೆದಿದ್ದೆವು. ಮಗುವಿನ ಹೆಸರು, ತರಗತಿ, ತಂದೆ ಮನೆ ಬಿಟ್ಟುಹೋಗಿ ಎರಡು ವರ್ಷವಾದದ್ದು, ಅವರ ಸುದ್ದಿಯೇ ಇಲ್ಲದ್ದು, ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿರುವುದು. ಕೊನೆಯ ವಾಕ್ಯ ಮುಗಿಯುವ ಮೊದಲೇ ಗಂಟೆ ಬಾರಿಸಿತು. ಮುಂದಿನ ಪೀರಿಯಡ್ಡು ಆ ಮಗುವಿದ್ದ ತರಗತಿಗೇ. ಮುಚ್ಚಳ ಮುಚ್ಚಿ, ಯಂತ್ರವನ್ನು ಬಗಲಲ್ಲಿಟ್ಟು ಹೊರಟೆವು.

ತರಗತಿಯಲ್ಲಿ ಪ್ರೊಜೆಕ್ಟರು ಆಗಲೇ ಉರಿಯುತ್ತಿತ್ತು. ಮಕ್ಕಳೇ ಹಚ್ಚಿದ್ದರು. ಕೇಬಲು ಜೋಡಿಸಿದೆವು, ಮುಚ್ಚಳ ತೆರೆದೆವು. ಗುಪ್ತಪದ ಕೇಳುವ ಪುಟ ಬರಬೇಕಿತ್ತು. ಬಂತು ಕೂಡ. ಆದರೆ ಅದಕ್ಕೆ ಮೊದಲು, ಒಂದು ಎರಡು ಮೂರು ಎಂದು ಎಣಿಸುವಷ್ಟು ಹೊತ್ತು, ನಾವು ಬರೆಯುತ್ತಿದ್ದ ಪತ್ರ ಗೋಡೆಯ ಮೇಲೆ ನಿಂತಿತ್ತು. ವಯಸ್ಸಿಗೆ ಕಣ್ಣು ಮಂಜಾಗುತ್ತಿದೆಯೆಂದು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದೆವು. ಗೋಡೆಯ ಮೇಲೆ ಅವು ಒಂದೊಂದೂ ಗೇಣುದ್ದವಾಗಿ ಕಂಡುವು. ಹಿಂದಿನ ಬೆಂಚಿನವರಿಗೂ ಕಂಡುವು.

ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸಿ ವಿಷಯ ಮರೆಸಬಹುದಿತ್ತು. ನಲುವತ್ತು ಮಕ್ಕಳ ತರಗತಿ ನಿಶ್ಶಬ್ದವಾಯಿತು, ಅಷ್ಟೆ. ಆ ಮಗು ಪುಸ್ತಕದಿಂದ ತಲೆಯೆತ್ತಲಿಲ್ಲ. ಆ ಹೊತ್ತು ನಾವು ಯಾವ ಪಾಠ ಮಾಡಿದೆವೆಂಬುದು ಇಂದಿಗೂ ನೆನಪಿಲ್ಲ.

ಸಂಜೆ ತಿಳಿದುಬಂತು: ತಂದೆ ದುಬೈಯಲ್ಲಿದ್ದಾರೆಂದು ಆ ಮಗು ಗೆಳೆಯರಿಗೆಲ್ಲ ಹೇಳಿಕೊಂಡಿತ್ತಂತೆ. ಗಲ್ಫಿನಲ್ಲಿ ಯಾರಾದರೊಬ್ಬರು ಇರುವ ಮನೆಗಳೇ ಹೆಚ್ಚಾಗಿರುವ ಊರು ನಮ್ಮದು. ಇಲ್ಲಿ ತಂದೆ ಕಾಣಿಸದಿದ್ದರೆ ಜನ ಅಷ್ಟನ್ನು ಸುಲಭವಾಗಿ ನಂಬುತ್ತಾರೆ. ರಜೆಯಲ್ಲಿ ಬರುತ್ತಾರೆ, ಬರುವಾಗ ವಾಚು ತರುತ್ತಾರೆ ಎಂದೂ ಹೇಳಿತ್ತಂತೆ. ಎರಡು ವರ್ಷ ಜೋಪಾನವಾಗಿ ಎಳೆದು ಹಿಡಿದಿದ್ದ ತೆರೆಯೊಂದನ್ನು ನಾವು ಮೂರು ಸೆಕೆಂಡಿನಲ್ಲಿ ಕೆಡವಿದ್ದೆವು. ಮರುದಿನ ಆ ಮಗು ಶಾಲೆಗೆ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ.

ಮುಂದೇನಾಯಿತೆಂದು ಹೇಳುವ ಮೊದಲು, ಆ ಮೂರು ಸೆಕೆಂಡು ಎಲ್ಲಿಂದ ಬಂತೆಂಬುದನ್ನು ಹೇಳಬೇಕು. ಏಕೆಂದರೆ ಆಗ ನಮಗೆ ಅದೇ ಚಿಂತೆ. ನಾವು ಮುಚ್ಚಳ ಮುಚ್ಚಿದ್ದೆವು. ಗುಪ್ತಪದ ಇತ್ತು. ಎಲ್ಲಿ ತಪ್ಪಿತು?

ಶಾಲೆಯ ಗಣಕಗಳ ಹೊಣೆ ಹೊತ್ತಿದ್ದ ಗಣಿತದ ಮಾಸ್ತರರನ್ನು ಕೇಳಿದೆವು. ಅವರು ಯಕ್ಷಗಾನದ ಹುಚ್ಚಿನವರು. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಹೇಗೆ ತಪ್ಪೀತು? ‘ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುವುದಿಲ್ಲವೆ? ನಿಮ್ಮ ಗಣಕದ ಬೀಗವೆಂದರೆ ಅದೇ’ ಎಂದರು. ನಮಗೆ ಅಚ್ಚರಿ. ನಾವು ಅದನ್ನು ಬಾಗಿಲೆಂದುಕೊಂಡಿದ್ದೆವು. ಅದು ಬಾಗಿಲಲ್ಲ, ತೆರೆ. ಪರದೆಯ ಮೇಲಿದ್ದ ಪತ್ರ, ಚಿತ್ರ, ಅಂಕಪಟ್ಟಿ ಯಾವುದೂ ಎಲ್ಲಿಗೂ ಹೋಗುವುದಿಲ್ಲ; ಇದ್ದಲ್ಲೇ ಇರುತ್ತವೆ. ಬೀಗದ ಕೆಲಸ ಮಾಡುವ ಒಂದು ಪುಟ್ಟ ಕಾರ್ಯಕ್ರಮ ಬಂದು ಎಲ್ಲದರ ಮುಂದೆ ಬಟ್ಟೆಯೊಂದನ್ನು ಹಿಡಿದು ನಿಲ್ಲುತ್ತದೆ. ಕೀಲಿಮಣೆಯನ್ನೂ ಮೌಸನ್ನೂ ತನ್ನ ವಶಕ್ಕೆ ತೆಗೆದುಕೊಂಡು, ಸರಿಯಾದ ಗುಪ್ತಪದ ಸಿಗುವ ತನಕ ಬಿಡುವುದಿಲ್ಲ. ಲಿನಕ್ಸ್ ಬಳಗದ ಗಣಕಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಇದೇ. ತೆರೆ ಹಿಡಿದವನು ಎಚ್ಚರದಿಂದಿರುವಷ್ಟು ಹೊತ್ತು ಎಲ್ಲ ಸರಿ. ಅವನು ತೂಕಡಿಸಿದರೆ? ತಡವಾಗಿ ಬಂದರೆ? ಎಡವಿ ಬಿದ್ದರೆ?

ನಮ್ಮಲ್ಲಿ ಆದದ್ದು ತಡ. ಮುಚ್ಚಳ ಮುಚ್ಚಿದೊಡನೆ ಯಂತ್ರಕ್ಕೆ ಎರಡು ಕೆಲಸಗಳು ಒಟ್ಟಿಗೆ ಬಂದು ಬೀಳುತ್ತವೆ: ತೆರೆ ಹಿಡಿಯುವುದು, ನಿದ್ದೆ ಹೋಗುವುದು. ಮೊದಲು ತೆರೆ, ಆಮೇಲೆ ನಿದ್ದೆ, ಕ್ರಮ ಹೀಗಿರಬೇಕು. ತೆರೆಯವನು ‘ತುಸು ತಾಳು, ನಾನು ಸಿದ್ಧನಾಗುತ್ತೇನೆ’ ಎಂದು ಕೇಳಿಕೊಳ್ಳುವ ಏರ್ಪಾಡೂ ಉಂಟು. ಆದರೆ ಎಷ್ಟು ಹೊತ್ತು ಕಾಯಬೇಕು? ಇಂದಿನ ಹಲವು ಲಿನಕ್ಸ್ ಗಣಕಗಳಲ್ಲಿ ಆ ಗಡುವು ಸಾಮಾನ್ಯವಾಗಿ 5 ಸೆಕೆಂಡು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಯಂತ್ರ ಕಾಯುವುದಿಲ್ಲ, ಮಲಗಿಬಿಡುತ್ತದೆ. ಹಳೆಯ ಯಂತ್ರ, ತೆರೆದಿಟ್ಟ ಹತ್ತಾರು ಕಡತಗಳು, ಅವಸರದ ಮಾಸ್ತರ. ತೆರೆ ಎಳೆಯುವುದರೊಳಗೆ ನಿದ್ದೆ ಬಂದುಬಿಟ್ಟರೆ ಎದ್ದಾಗ ಮೊದಲು ಕಾಣುವುದು ಮಲಗುವ ಮುಂಚಿನ ಚಿತ್ರ. ತೆರೆ ಆಮೇಲೆ ಓಡಿ ಬರುತ್ತದೆ. ಅದರ ಮೇಲೆ, ನಾವು ಮಲಗಿದ್ದ ಯಂತ್ರಕ್ಕೆ ಪ್ರೊಜೆಕ್ಟರನ್ನು ಜೋಡಿಸಿದ್ದೆವು. ಹೊಸದಾಗಿ ಸೇರಿದ ಪರದೆಯ ಮುಂದೆಯೂ ತೆರೆ ಹಿಡಿಯಬೇಕಷ್ಟೆ? ಅದಕ್ಕೂ ಒಂದು ಕ್ಷಣ ಬೇಕು. ಆ ಕ್ಷಣದಲ್ಲಿ ಗೋಡೆಯ ಮೇಲೆ ಏನಿರುತ್ತದೆ ಎಂಬುದು ನಮ್ಮ ಅದೃಷ್ಟ.

ಯಾವ ಕಂಪನಿಯ ಯಂತ್ರ ಎಂದು ಕೇಳಬೇಡಿರಿ. ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಗಣಿತದ ಮಾಸ್ತರರು ಹೇಳಿದ ಹಳೆಯ ಕತೆಗಳನ್ನೂ ಆಮೇಲೆ ನಾವೇ ಹುಡುಕಿ ಓದಿದವನ್ನೂ ನೋಡಿದರೆ, ಈ ತೆರೆ ಎಲ್ಲರ ಕೈಯಿಂದಲೂ ಒಂದಲ್ಲ ಒಂದು ಸಲ ಜಾರಿದೆ.

2012ರ ಜನವರಿಯಲ್ಲಿ ಲಿನಕ್ಸ್ ಗಣಕಗಳ ಒಂದು ತಮಾಷೆಯ ದೋಷ ಬೆಳಕಿಗೆ ಬಂತು. ಕಂಟ್ರೋಲ್, ಆಲ್ಟ್ ಎಂಬ ಕೀಲಿಗಳನ್ನು ಒತ್ತಿಹಿಡಿದು ಬಲಬದಿಯ ಅಂಕಿಮಣೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಸಾಕು, ಪರದೆಯ ಬೀಗ ಸತ್ತು ಒಳಗಿನದೆಲ್ಲ ಕಾಣುತ್ತಿತ್ತು. ಕಳ್ಳರು ಮಾಡಿದ ಉಪಾಯವಲ್ಲ ಅದು. ಯಂತ್ರದ ಕೆಲಸಗಾರರು ತಮ್ಮ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಕಂಡಿಯೊಂದು ಮುಚ್ಚದೆ ಉಳಿದುಬಿಟ್ಟಿತ್ತು. ಮನೆ ಕಟ್ಟಿದ ಮೇಸ್ತ್ರಿ ಏಣಿಯನ್ನು ಗೋಡೆಗೆ ಒರಗಿಸಿಯೇ ಹೋದ ಹಾಗೆ.

2021ರ ಜನವರಿಯ ಕತೆ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸೀತು. ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯಿದ್ದ ಒಂದು ಮನೆಯ ಗಣಕ. ಮಕ್ಕಳು ಅಪ್ಪನ ಯಂತ್ರದ ಬೀಗ ಮುರಿಯುತ್ತೇವೆಂದು ಆಟಕ್ಕೆ ಕುಳಿತರು. ಕೀಲಿಮಣೆಯ ಮೇಲೂ ಪರದೆಯ ಮೇಲೆ ಮೂಡುವ ಕೀಲಿಮಣೆಯ ಮೇಲೂ ಕಂಡಕಂಡದ್ದನ್ನೆಲ್ಲ ಒತ್ತಿದರು. ಅಪ್ಪ ಹಿಂದೆ ನಿಂತು ನೋಡುತ್ತಿದ್ದ. ಬೀಗ ಬಿದ್ದುಹೋಯಿತು! ಏನೋ ಆಕಸ್ಮಿಕವೆಂದುಕೊಂಡರೆ ಮಕ್ಕಳು ಎರಡನೆಯ ಸಲವೂ ಅದನ್ನೇ ಮಾಡಿ ತೋರಿಸಿದರು. ಅಪ್ಪ ಒಬ್ಬನೇ ಕುಳಿತು ಯತ್ನಿಸಿದಾಗ ಆಗಲಿಲ್ಲ. ಅವನು ವಿಷಯವನ್ನು ತಯಾರಕರಿಗೆ ತಿಳಿಸಿದ. ಅವರು ಹುಡುಕಿ ನೋಡಿದರೆ, ಪರದೆಯ ಕೀಲಿಮಣೆಯಲ್ಲಿ ತಲೆಯ ಮೇಲೆ ಗೆರೆಯಿರುವ ‘ಇ’ ಎಂಬ ರೋಮನ್ ಅಕ್ಷರ ಒತ್ತಿದಾಗ ತೆರೆ ಹಿಡಿದ ಕಾರ್ಯಕ್ರಮ ಕುಸಿದು ಬೀಳುತ್ತಿತ್ತು. ಕೂಡಲೇ ಸರಿಪಡಿಸಿದರು. ಪಂಡಿತರು ಪರೀಕ್ಷಿಸದ ಬಾಗಿಲನ್ನು ಪುಟ್ಟ ಕೈಗಳು ಎಳೆದು ನೋಡಿದ್ದುವು.

ಮೊಬೈಲಿನ ಬೀಗವೂ ಇದಕ್ಕೆ ಹೊರತಲ್ಲ. 2022ರಲ್ಲಿ ಹಂಗೇರಿಯ ಡೇವಿಡ್ ಶೂಟ್ಸ್ ಎಂಬ ತರುಣ ತನ್ನ ಪಿಕ್ಸೆಲ್ ಫೋನಿನಲ್ಲಿ ಇಂಥದೇ ಒಂದನ್ನು ಕಂಡ. ಚಾರ್ಜು ಮುಗಿದು ಫೋನು ಆರಿತ್ತು. ಮತ್ತೆ ಹೊತ್ತಿಸಿ ಸಿಮ್ಮಿನ ಪಿನ್ನನ್ನು ಮೂರು ಸಲ ತಪ್ಪಾಗಿ ಒತ್ತಿದ, ಸಿಮ್ಮು ಬಂದಾಯಿತು. ಅದನ್ನು ಬಿಡಿಸುವ ಪುಕ್ ಸಂಖ್ಯೆ ಕೊಟ್ಟ. ಆಮೇಲೆ ಫೋನು ಎಂದಿನಂತೆ ನಡೆದುಕೊಳ್ಳದ್ದನ್ನು ಕಂಡು ಮತ್ತೆ ಮತ್ತೆ ಪರೀಕ್ಷಿಸಿದ. ಒಂದು ಸಲ ನೋಡುತ್ತಾನೆ, ಫೋನಿನ ಸ್ವಂತ ಬೀಗವೂ ತೆರೆದುಕೊಂಡಿದೆ. ಸಿಮ್ಮಿನ ತೆರೆ ಸರಿಸು ಎಂದರೆ ಯಂತ್ರ ಅದರ ಹಿಂದಿನ ತೆರೆಯನ್ನೂ ಸರಿಸಿಬಿಡುತ್ತಿತ್ತು. ತನ್ನದೊಂದು ಸಿಮ್ಮು, ಅದರ ಪುಕ್ ಸಂಖ್ಯೆ ಕೈಯಲ್ಲಿದ್ದರೆ ಇನ್ನೊಬ್ಬರ ಅಂಥ ಫೋನನ್ನು ತೆರೆಯಬಹುದಿತ್ತು. ಅವನು ಆ ಗುಟ್ಟನ್ನು ಬೀದಿಗೆ ಹಾಕದೆ ಗೂಗಲ್ಲಿಗೆ ತಿಳಿಸಿದ. ಅದೇ ವರ್ಷದ ನವೆಂಬರಿನಲ್ಲಿ ದೋಷ ಸರಿಪಡಿಸಿದರು. ಅವನಿಗೆ 70,000 ಡಾಲರು ಬಹುಮಾನ ಸಿಕ್ಕಿತು.

ಹಾಗಾದರೆ ಗಟ್ಟಿಯಾದ ತೆರೆ ಮಾಡುವವರು ಯಾರೂ ಇಲ್ಲವೆ? ಇದ್ದಾರೆ. ಅಮೆರಿಕದ ಜೇಮಿ ಜವಿನ್‌ಸ್ಕಿ 1992ರಿಂದ ‘ಎಕ್ಸ್ ಸ್ಕ್ರೀನ್‌ಸೇವರ್’ ಎಂಬ ಕಾರ್ಯಕ್ರಮವನ್ನು ಬರೆಯುತ್ತ, ತಿದ್ದುತ್ತ ಬಂದವರು. ಅವರ ನಿಯಮ ಸರಳ. ಅಂದದ ಚಿತ್ರ ಬಿಡಿಸುವವನು ಬೇರೆ, ಕಾವಲು ನಿಲ್ಲುವವನು ಬೇರೆ. ಚಿತ್ರ ಬಿಡಿಸುವವನು ಬಿದ್ದರೆ ಬೀಳಲಿ, ಕಾವಲುಗಾರ ನಿಂತಿರುತ್ತಾನೆ. ಕಾವಲುಗಾರನಿಗೆ ಕೆಲಸ ಕಡಿಮೆಯಿದ್ದಷ್ಟೂ ಎಡವುವುದು ಕಡಿಮೆ. ಇನ್ನು 2022ರಲ್ಲಿ ವೇಲ್ಯಾಂಡ್ ಎಂಬ ಹೊಸ ಏರ್ಪಾಡಿಗೆ ಬೀಗದ ಕುರಿತು ಒಂದು ನಿಯಮ ಸೇರಿತು: ತೆರೆ ಹಿಡಿದವನು ಕುಸಿದರೂ ಒಳಗಿನದನ್ನು ತೋರಿಸಕೂಡದು. ತೆರೆ ಬಿದ್ದೊಡನೆ ರಂಗಸ್ಥಳದ ದೀಪವನ್ನೇ ಆರಿಸಿದ ಹಾಗೆ, ವೇಷವಂತೂ ಕಾಣುವುದಿಲ್ಲ. ತಪ್ಪಿದರೆ ತೆರೆದುಕೊಳ್ಳುವ ಬೀಗಕ್ಕೂ, ತಪ್ಪಿದರೆ ಮುಚ್ಚಿಕೊಳ್ಳುವ ಬೀಗಕ್ಕೂ ಇರುವ ಅಂತರ ಇದೇ.

ಈ ‘ನಿದ್ದೆ’ ಎಂಬ ಮಾತಿನ ಬಗ್ಗೆಯೂ ಭಾಷೆಯ ಮಾಸ್ತರನೊಬ್ಬ ಎರಡು ಮಾತು ಹೇಳದಿದ್ದರೆ ಹೇಗೆ? ಮಲಯಾಳದಲ್ಲಿ ನಿದ್ರಿಸುವುದಕ್ಕೆ ‘ಉರಂಙುಕ’ ಎನ್ನುತ್ತಾರೆ. ನಮ್ಮ ‘ಒರಗು’ ಅದರ ನಂಟ. ಆದರೆ ಕನ್ನಡದಲ್ಲಿ ಒರಗಿದವನು ನಿದ್ದೆ ಹೋಗಿಯೇ ಇರಬೇಕೆಂದಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದವನಿಗೆ ಮನೆಯ ಮಾತೆಲ್ಲ ಕೇಳಿಸುತ್ತಿರುತ್ತದೆ. ಮುಚ್ಚಳ ಮುಚ್ಚಿದ ಗಣಕವೂ ಹಾಗೆ ಒರಗಿದ್ದು, ನಿದ್ರಿಸಿದ್ದಲ್ಲ. ಅದರ ನೆನಪಿನ ಭಾಗಕ್ಕೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ತೆರೆದಿಟ್ಟ ಪತ್ರ, ಗುಪ್ತಲಿಪಿಯ ಕೀಲಿ ಎಲ್ಲವೂ ಅಲ್ಲಿ ಜೀವಂತ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೋರಿಸಿದರು: ವಿದ್ಯುತ್ತು ನಿಂತ ಮೇಲೂ ಆ ನೆನಪು ಕೆಲವು ಸೆಕೆಂಡು ಅಳಿಯದೆ ಉಳಿಯುತ್ತದೆ, ತಣ್ಣಗೆ ಮಾಡಿದರೆ ನಿಮಿಷಗಟ್ಟಲೆ ಉಳಿಯುತ್ತದೆ, ಅಷ್ಟರಲ್ಲಿ ಅದರಿಂದ ಕೀಲಿಯನ್ನು ಓದಿಕೊಳ್ಳಬಹುದು. ಆದುದರಿಂದ ಗುಟ್ಟಿನ ಕಾಗದಗಳಿರುವ ಯಂತ್ರವನ್ನು ಬಸ್ಸಿನಲ್ಲಿ ಒಯ್ಯುವುದಾದರೆ ಒರಗಿಸಿ ಒಯ್ಯಬಾರದು. ಪೂರ್ತಿ ಆರಿಸಿ ಒಯ್ಯಬೇಕು.

ಇಷ್ಟೆಲ್ಲ ತಿಳಿದ ಮೇಲೆ ನಮಗೆ ತುಸು ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು. ತಪ್ಪು ಯಂತ್ರದ್ದು ಎಂದು ಹೇಳಿಕೊಳ್ಳಲು ಒಳ್ಳೆಯ ಕಾರಣ ಸಿಕ್ಕಿತ್ತು, ನಿಜ. ಆ ಕಾರಣವನ್ನೇ ಕಟ್ಟಿಕೊಂಡು ನಾಲ್ಕನೆಯ ದಿನ ಸಂಜೆ ಆ ಮಗುವಿನ ಮನೆಗೆ ಹೋದೆವು.

ತಾಯಿ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಗು ಒಳಗಿತ್ತು, ಹೊರಗೆ ಬರಲಿಲ್ಲ. ನಾವು ತೆರೆಯ ಕತೆ, ನಿದ್ದೆಯ ಕತೆ, ಐದು ಸೆಕೆಂಡಿನ ಕತೆ ಎಲ್ಲ ಹೇಳಿದೆವು. ಅವರು ಕೈಯ ಕೆಲಸ ನಿಲ್ಲಿಸದೆ ಕೇಳಿದರು. ಆಮೇಲೆ ಹೇಳಿದರು: ‘ನೀವು ಬರೆದದ್ದು ಸುಳ್ಳಲ್ಲ ಮಾಷ್ಟ್ರೇ. ಒಳ್ಳೇದಕ್ಕೇ ಬರೆದದ್ದು, ನನಗೆ ಗೊತ್ತುಂಟು. ಆದರೆ ಅದು ನಮ್ಮ ಮನೆಯ ಸತ್ಯ. ಬಾಗಿಲು ತೆಗೆಯಬೇಕಾದದ್ದು ನಾವು ಅಲ್ಲವಾ?’

ಯಂತ್ರದ ಕತೆ ಅಲ್ಲಿಗೆ ನಿಂತಿತು. ‘ತಪ್ಪಾಯಿತಮ್ಮ’ ಎಂದೆವು. ಒಳಗಿನ ಕತ್ತಲೆಯ ಕಡೆಗೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದೆವು. ಇಪ್ಪತ್ತು ವರ್ಷ ಪಾಠ ಮಾಡಿದವನು ಹದಿನಾಲ್ಕು ವರ್ಷದ ಮಗುವಿಗೆ ತಪ್ಪಾಯಿತೆನ್ನುವುದು ಸುಲಭವಲ್ಲ. ಆದರೆ ಅಂದು ನಾವು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ ಎನಿಸಿತು. ಮುಂದಿನ ಸೋಮವಾರ ಮಗು ಶಾಲೆಗೆ ಬಂತು. ಗೆಳೆಯರು ಏನೂ ನಡೆಯದವರಂತೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮಕ್ಕಳು ಕೆಲವೊಮ್ಮೆ ನಮಗಿಂತ ಚೆನ್ನಾಗಿ ತೆರೆ ಹಿಡಿಯಬಲ್ಲರು.

ಆ ತಾಯಿ ಆಡಿದ ಮಾತನ್ನು ನಮ್ಮ ದೇಶದ ಅತ್ಯುಚ್ಚ ನ್ಯಾಯಾಲಯ ದೊಡ್ಡ ತೀರ್ಪಿನಲ್ಲಿ ಹೇಳಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಕುರಿತು ಸುಪ್ರೀಂ ಕೋರ್ಟಿಗೆ ಮೊರೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನೊಡನೆ ಉಳಿದಿದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಮಾಹಿತಿ ರಕ್ಷಣೆಯ ಕಾಯಿದೆಯಲ್ಲಿ, 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂಬ ಮಾತಿದೆ. ಕಾನೂನು ಬಾಗಿಲು ಮಾಡಿಕೊಟ್ಟಿದೆ. ಅಗುಳಿ ಹಾಕುವ ಕೈ ನಮ್ಮದೇ ಆಗಬೇಕು.

ಅದಕ್ಕೆ ನಾವು ರೂಢಿಸಿಕೊಂಡ ಕೆಲವು ಅಭ್ಯಾಸಗಳನ್ನು ವಿದ್ಯಾರ್ಥಿಗಳಿಗೂ ರಕ್ಷಕರಿಗೂ ಹೇಳುತ್ತೇವೆ. ಮುಚ್ಚಳವನ್ನು ನಂಬಿ ಎದ್ದು ಹೋಗುವುದಿಲ್ಲ. ಮೊದಲು ಕೈಯಿಂದಲೇ ಬೀಗ ಹಾಕುತ್ತೇವೆ. ವಿಂಡೋಸ್ ಚಿಹ್ನೆಯ ಕೀಲಿಯೊಡನೆ ‘ಎಲ್’ ಒತ್ತಿದರೆ ಹೆಚ್ಚಿನ ಗಣಕಗಳಲ್ಲಿ ಸಾಕಾಗುತ್ತದೆ. ತೆರೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ಮುಚ್ಚಳ ಮುಚ್ಚುತ್ತೇವೆ. ಇನ್ನೊಬ್ಬರ ಸಂಗತಿಯಿರುವ ಕಡತವನ್ನು ತೆರೆದಿಟ್ಟು ಏಳುವುದಿಲ್ಲ. ತೆರೆಯ ಹಿಂದೆ ಏನೂ ಇಲ್ಲದಿದ್ದರೆ ತೆರೆ ಜಾರಿದರೂ ಭಯವಿಲ್ಲ. ಪ್ರೊಜೆಕ್ಟರಿನ ಕೇಬಲು ಕೊನೆಗೆ: ಮೊದಲು ಯಂತ್ರ ಎಬ್ಬಿಸಿ, ಗುಪ್ತಪದ ಕೊಟ್ಟು, ಪಾಠದ ಪುಟ ತೆರೆದ ಮೇಲೆಯೇ ಜೋಡಿಸುವುದು. ಇನ್ನೊಂದು ಪರದೆ ಜೋಡಿಸಿದ್ದಾಗ ಮುಚ್ಚಳ ಮುಚ್ಚಿದರೂ ಮಲಗದ ಗಣಕಗಳಿವೆ ಎಂಬುದೂ ನೆನಪಿರಲಿ. ದೋಷ ತಿದ್ದುವ ಹೊಸ ಆವೃತ್ತಿ ಬಂದಾಗ ನಾಳೆಗೆಂದು ಮುಂದೂಡುವುದಿಲ್ಲ. ಮೇಲೆ ಹೇಳಿದ ಕತೆಗಳೆಲ್ಲ ಮುಗಿದದ್ದು ಅಂಥ ತಿದ್ದುಪಡಿಯಿಂದಲೇ. ರಕ್ಷಕರಿಗೆ ಇನ್ನೊಂದು ಮಾತು. ಬೀಗ ಹಾಕಿದ ಮೊಬೈಲಿನ ಮೇಲೆಯೂ ಬಂದ ಸಂದೇಶ, ಬ್ಯಾಂಕಿನ ಒಟಿಪಿ ಓದಲು ಸಿಗುವುದುಂಟು. ಬಾಗಿಲಿಗೆ ಬೀಗ, ಕಿಟಕಿ ತೆರೆದೇ ಇದೆ. ಸಂದೇಶದ ಒಳಗಿನದನ್ನು ತೋರಿಸಬೇಡ ಎಂದು ಫೋನಿಗೆ ಹೇಳುವ ಅನುಕೂಲವಿದೆ. ತಿಳಿಯದಿದ್ದರೆ ಮಕ್ಕಳನ್ನು ಕೇಳಿರಿ, ಅವರು ಕಲಿಸುತ್ತಾರೆ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಆ ಮಗುವಿಗೂ ತಾಯಿಗೂ ಓದಲು ಕೊಟ್ಟೆವು. ಮಗು ಈಗ ಮಗುವಲ್ಲ; ಸಂಪಾದಿಸುತ್ತಿದೆ, ಮನೆ ನೋಡಿಕೊಳ್ಳುತ್ತಿದೆ. ಎರಡು ಕಡೆ ಪೆನ್ಸಿಲಿನಿಂದ ಗೆರೆಯೆಳೆದು ‘ಇಷ್ಟು ಬೇಡ ಸಾರ್’ ಎಂದಿತು. ಅವನ್ನು ತೆಗೆದುಹಾಕಿದ್ದೇವೆ. ‘ಉಳಿದದ್ದು ಬರಲಿ, ಬೇರೆಯವರಿಗೆ ಹೀಗಾಗದಿರಲಿ’ ಎಂದರು ತಾಯಿ. ಈ ಸಲ ಬಾಗಿಲು ತೆಗೆದವರು ಅವರೇ.

ಈಗಲೂ ಪಾಠ ಮುಗಿಸಿ ಹೊರಡುವಾಗ ನಾವು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಮತ್ತೊಮ್ಮೆ ತುಸು ಎತ್ತಿ, ಏನು ಕಾಣುತ್ತದೆಂದು ಇಣುಕಿ ನೋಡುತ್ತೇವೆ. ಮುಂದಿನ ಬೆಂಚಿನ ಮಕ್ಕಳು ಮುಸಿಮುಸಿ ನಗುತ್ತಾರೆ. ಹಾಕಿದ ಬಾಗಿಲನ್ನು ಎಳೆದು ನೋಡುವ ದೊಡ್ಡಮ್ಮನನ್ನು ಕಂಡು ನಾವೂ ಹಾಗೆಯೇ ನಗುತ್ತಿದ್ದೆವು.